ಯಾಕೂಬ್ ಸರ್ ಆರಿಸಿದ ಹತ್ತು ಆಟಗಾರರು

ಯಾಕೂಬ್ ಸರ್‌ಗೆ ಯಾವುದನ್ನು ಕಂಡರೂ ಅದಕ್ಕೊಂದು ನಂಬರು ಕೊಡದೆ ಇರಲು ಆಗುತ್ತಿರಲಿಲ್ಲ. ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಚಹಾದಂಗಡಿಗಳಲ್ಲಿ ಯಾವುದು ಮೊದಲನೆಯದು, ಯಾವುದು ಎರಡನೆಯದು, ಯಾವುದರಲ್ಲಿ ಗಂಟಲು ಒಣಗಿದರೂ ಕುಡಿಯಬಾರದು ಎಂಬುದು ಅವರ ನಾಲಿಗೆಯ ತುದಿಯಲ್ಲಿತ್ತು. ಮೀನಿನ ಮಾರುಕಟ್ಟೆಯಲ್ಲಿ ಬಂಗುಡೆಗೆ ಒಬ್ಬ ಒಂದನೆಯವನು, ಅಂಜಲ್ ಮೀನಿಗೆ ಇನ್ನೊಬ್ಬ. ಕ್ಷೌರಿಕರಿಗೂ ನಂಬರು, ಪಕ್ಕದ ಫ್ಲ್ಯಾಟಿನವರ ಗೊರಕೆಗೂ ನಂಬರು. ಮೀನು ಸಾರಿನಲ್ಲಿ ಅತ್ತೆ ಒಂದು, ಹೆಂಡತಿ ಎರಡು ಎಂದು ಮದುವೆಯಾದ ಹೊಸತರಲ್ಲಿ ಹೇಳಿಬಿಟ್ಟಿದ್ದರಂತೆ. ಅತ್ತೆ ತೀರಿಕೊಂಡು ವರ್ಷಗಳಾದ ಮೇಲೂ ಹಲೀಮಕ್ಕನಿಗೆ ಬಡ್ತಿ ಸಿಕ್ಕಿರಲಿಲ್ಲ.

ಇಂಥ ಮನುಷ್ಯ ತಾನು ತಯಾರು ಮಾಡಿದ ಫುಟ್‌ಬಾಲ್ ಆಟಗಾರರಿಗೆ ಮಾತ್ರ ಒಮ್ಮೆಯೂ ಬಹಿರಂಗವಾಗಿ ನಂಬರು ಕೊಟ್ಟಿರಲಿಲ್ಲ. ಮುಸಫ್ಫಾದ ನಮ್ಮ ಕಾಲೇಜಿನ ತಂಡಕ್ಕೆ ಅವರು ಎರಡು ದಶಕಕ್ಕೂ ಹೆಚ್ಚು ಕಾಲ ಕೋಚ್ ಆಗಿದ್ದರು. ನಾನು, ಅಂದರೆ ಸುಮಿತ್, ಆ ತಂಡದ ರೈಟ್ ಬ್ಯಾಕ್. ಈಗ ಹಮ್ದಾನ್ ಸ್ಟ್ರೀಟಿನ ಇನ್ಶೂರೆನ್ಸ್ ಕಚೇರಿಯೊಂದರಲ್ಲಿ ಕೂತು ಬೇರೆಯವರ ಕಾರುಗಳಿಗೆ ಬಿದ್ದ ಪೆಟ್ಟುಗಳ ಫೋಟೋ ನೋಡುವುದು ನನ್ನ ಕೆಲಸ.

ಸರ್ ಕೋಚ್ ಆದದ್ದೇ ಒಂದು ತಮಾಷೆ. ಅವರು ಉಳ್ಳಾಲದಿಂದ ಇಲ್ಲಿಗೆ ಬಂದದ್ದು ಕಾಲೇಜಿನ ಬಸ್ಸುಗಳನ್ನು ನೋಡಿಕೊಳ್ಳಲು. ಯಾವ ಬಸ್ಸು ಯಾವ ದಾರಿಯಲ್ಲಿ ಹೋಗಬೇಕು, ಯಾರು ಎಲ್ಲಿ ಹತ್ತಬೇಕು ಎಂಬುದೆಲ್ಲ ಅವರ ಕೈಯಲ್ಲಿತ್ತು. ಒಂದು ವರ್ಷ ಅಂತರ ಕಾಲೇಜು ಪಂದ್ಯಾಟಕ್ಕೆ ತಂಡ ಕಳಿಸಲೇಬೇಕೆಂದು ಮೇಲಿನಿಂದ ಆದೇಶ ಬಂತು. ಇಡೀ ಸಿಬ್ಬಂದಿಯಲ್ಲಿ ಫುಟ್‌ಬಾಲ್ ಬೂಟು ಇದ್ದದ್ದು ಇವರೊಬ್ಬರ ಬಳಿ. ಊರಿನಲ್ಲಿ ಒಂದು ಕ್ಲಬ್ಬಿಗೆ ಲೆಫ್ಟ್ ವಿಂಗ್ ಆಡಿದ್ದರು. ಪ್ರಿನ್ಸಿಪಾಲರು ಆ ಬೂಟು ನೋಡಿ ಅಲ್ಲೇ ನೇಮಕ ಮಾಡಿದರು. ಸಂಬಳದ ಚೀಟಿಯಲ್ಲಿ ಮಾತ್ರ ಕೊನೆಯವರೆಗೂ ಬಸ್ ಸೂಪರ್‌ವೈಸರ್ ಅಂತಲೇ ಇತ್ತು.

ತಂಡವನ್ನೂ ಅವರು ಬಸ್ಸಿನ ಕಣ್ಣಿನಿಂದಲೇ ಕಟ್ಟಿದರು. ದೂರದ ಬನಿಯಾಸ್ ಕಡೆಯ ಹುಡುಗರು ಬೆಳಿಗ್ಗೆ ಬೇಗ ಎದ್ದು ಬಸ್ಸಿಗೆ ಕಾದು ನಿಲ್ಲುವವರು, ಆದ್ದರಿಂದ ಅವರು ಡಿಫೆನ್ಸಿಗೆ. ಹಮ್ದಾನ್ ಸ್ಟ್ರೀಟಿನ ಹುಡುಗರು ಬಸ್ಸು ಹೊರಟ ಮೇಲೆ ಓಡಿ ಬಂದು ಹತ್ತುವವರು, ಆದ್ದರಿಂದ ಅವರು ಫಾರ್ವರ್ಡ್. ಯಾರು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಬಿಡುವುದಿಲ್ಲವೋ ಅವನು ಗೋಲ್‌ಕೀಪರ್. ನಮ್ಮ ಜೆರಾಲ್ಡ್ ಹಾಗೆಯೇ ಗೋಲ್‌ಕೀಪರ್ ಆದದ್ದು. ಈ ವಿಧಾನದ ಬಗ್ಗೆ ನಾವು ನಗುತ್ತಿದ್ದೆವು. ಆದರೆ ನಾವು ಫೈನಲ್ ಇಯರ್‌ನಲ್ಲಿದ್ದಾಗ ಶಾರ್ಜಾದ ದೊಡ್ಡ ಕಾಲೇಜೊಂದನ್ನು ಒಂದು ಗೋಲಿನಿಂದ ಸೋಲಿಸಿ ಕಪ್ ಗೆದ್ದದ್ದು ಇದೇ ಬಸ್ಸಿನ ತಂಡ. ಆ ಗೋಲು ಹೊಡೆದದ್ದು ನಿಯಾಝ್. ಅವನ ಬಾಯಲ್ಲಿ ಆ ಗೋಲಿನ ದೂರ ವರ್ಷವರ್ಷಕ್ಕೂ ಹೆಚ್ಚುತ್ತ ಹೋಗಿ, ಈಗ ಹೆಚ್ಚುಕಡಿಮೆ ಮೈದಾನದ ಆಚೆ ಕೊನೆಯಿಂದಲೇ ಹೊಡೆದ ಹಾಗಾಗಿದೆ.

ಎರಡು ವರ್ಷದ ಹಿಂದೆ ಸರ್ ನಿವೃತ್ತರಾಗುತ್ತಾರೆಂದು ಸುದ್ದಿ ಬಂತು. ಹಳೆಯ ಆಟಗಾರರ ವಾಟ್ಸಾಪ್ ಗುಂಪಿನಲ್ಲಿ ಬೀಳ್ಕೊಡುಗೆಯ ಮಾತು ಎದ್ದಿತು. ಜೆರಾಲ್ಡ್ ಈಗ ಅಬುಧಾಬಿಯ ಹೋಟೆಲೊಂದರಲ್ಲಿ ಔತಣಕೂಟಗಳ ಮ್ಯಾನೇಜರ್. ಒಂದು ಶನಿವಾರ ಮಧ್ಯಾಹ್ನಕ್ಕೆ ಹಾಲ್ ಹಿಡಿದುಕೊಡುತ್ತೇನೆಂದ. ಶಾಲು, ಹಣ್ಣಿನ ಬುಟ್ಟಿ, ಭಾಷಣ ಎಲ್ಲ ತೀರ್ಮಾನವಾಯಿತು. ಅಷ್ಟು ಸಾಲದೆಂದು ನಾನೊಂದು ಸೂಚನೆ ಕೊಟ್ಟೆ. ತಮ್ಮ ಕಾಲದ ಅತ್ಯುತ್ತಮ ಹತ್ತು ಆಟಗಾರರು ಯಾರೆಂದು ಸರ್ ವೇದಿಕೆಯ ಮೇಲೆ ಹೇಳಲಿ, ಹತ್ತರಿಂದ ಶುರುಮಾಡಿ ಒಂದಕ್ಕೆ ಬರಲಿ ಎಂದೆ.

ಈ ಸೂಚನೆಯ ಹಿಂದೆ ನನ್ನದೊಂದು ಸಣ್ಣ ಸ್ವಾರ್ಥ ಇತ್ತು. ಕಪ್ ಗೆದ್ದ ವರ್ಷ ಸೆಮಿಫೈನಲ್ ದಿನ ಬೆಳಿಗ್ಗೆ ಸರ್ ನನ್ನನ್ನು ಬಸ್ಸಿನ ಹಿಂದೆ ಕರೆದುಕೊಂಡು ಹೋಗಿ, ಹೆಗಲ ಮೇಲೆ ಕೈಯಿಟ್ಟು, ಮೆಲ್ಲಗೆ ಹೇಳಿದ್ದರು: "ನೋಡು ಸುಮಿತ್, ನನ್ನ ಲೆಕ್ಕದಲ್ಲಿ ಈ ಟೀಮಿನಲ್ಲಿ ನೀನೇ ಫಸ್ಟ್. ಇದು ನಿನಗೆ, ನನಗೆ, ಮೇಲಿನವನಿಗೆ ಮಾತ್ರ ಗೊತ್ತಿರುದು. ಹಲೀಮಾಳಿಗೂ ಹೇಳ್ಲಿಲ್ಲ." ಆ ದಿನ ನಾನು ಆಡಿದ ಹಾಗೆ ಮತ್ತೆಂದೂ ಆಡಲಿಲ್ಲ. ಅಂದಿನಿಂದ ಈ ಸತ್ಯವನ್ನು ಎದೆಯಲ್ಲಿ ಬೆಚ್ಚಗೆ ಇಟ್ಟುಕೊಂಡಿದ್ದೆ. ಕಚೇರಿಯಲ್ಲಿ ಮ್ಯಾನೇಜರ್ ಬೈದಾಗ, ಹೆಂಡತಿ ಕಾರ್ ಪಾರ್ಕಿಂಗ್ ಬಗ್ಗೆ ಟೀಕಿಸಿದಾಗ, ನಾನು ಯಾರೆಂದು ಇವರಿಗೆ ಗೊತ್ತಿಲ್ಲ ಎಂದುಕೊಂಡು ಸುಮ್ಮನಾಗುತ್ತಿದ್ದೆ. ಈಗ ಎಲ್ಲರಿಗೂ ಗೊತ್ತಾಗುವ ಕಾಲ ಬಂದಿದೆ ಎನಿಸಿತು.

ಯಾರಾದರೂ ಬೇಡವೆನ್ನಬಹುದೆಂದು ಹೆದರಿದ್ದೆ. ಆಶ್ಚರ್ಯವೆಂದರೆ ಒಬ್ಬನೂ ಬೇಡವೆನ್ನಲಿಲ್ಲ. ಊಟದ ಮೆನುವಿನ ಬಗ್ಗೆ ಮೂರು ದಿನ ಜಗಳವಾಡಿದ್ದ ಗುಂಪು ಈ ಸೂಚನೆಯನ್ನು ಕ್ಷಣದಲ್ಲಿ ಒಪ್ಪಿತು. ಸರ್ ಮಾತ್ರ ಒಪ್ಪಲಿಲ್ಲ. ಫೋನಿನಲ್ಲಿ ಕೇಳಿದಾಗ ಮಾತು ತೇಲಿಸಿದರು, ಲೈನು ಸರಿಯಿಲ್ಲ ಎಂದರು, ಮಗಳು ರಸೀನಾಳ ಕೈಗೆ ಫೋನು ಕೊಟ್ಟರು. ರಸೀನಾ ಒಂದು ಟ್ರಾವೆಲ್ ಕಂಪೆನಿಯಲ್ಲಿ ಕೆಲಸ ಮಾಡುವ ಚುರುಕು ಹೆಣ್ಣುಮಗಳು. ಅಪ್ಪ ಯಾಕೋ ಈ ವಿಷಯ ಎತ್ತಿದರೆ ಬೆವರುತ್ತಾರೆ, ಏಸಿ ಹಾಕಿದರೂ ಬೆವರುತ್ತಾರೆ ಎಂದಳು.

ಮರುದಿನ ಜೆರಾಲ್ಡ್ ನನಗೆ ಫೋನ್ ಮಾಡಿದ. ಮೈಕಿನ ವ್ಯವಸ್ಥೆ, ಹೂವಿನ ಅಲಂಕಾರ ಎಂದೆಲ್ಲ ಸುತ್ತಿ ಬಳಸಿ, ಕೊನೆಗೆ ಒಂದನೆಯ ಸ್ಥಾನ ಪಡೆದವನು ನಾಲ್ಕು ಮಾತಾಡಬೇಕಾಗಬಹುದಲ್ಲ, ಕೊಂಕಣಿಯಲ್ಲಿ ಮಾತಾಡಿದರೆ ನಡೆಯುತ್ತದಾ ಎಂದು ಕೇಳಿದ. ತಂಡದಲ್ಲಿ ಕೊಂಕಣಿಯವನು ಅವನೊಬ್ಬನೇ. ನನಗೆ ಪಾಪ ಎನಿಸಿತು. ಇವನಿಗೆ ಹೇಗೆ ಹೇಳಲಿ ಎಂದುಕೊಂಡು ಸಮಾಧಾನದ ಮಾತಾಡಿ ಫೋನಿಟ್ಟೆ.

ಸಂಜೆ ಮೊಬೈಲಿಗೆ ಹೊಸ ಕವರ್ ಹಾಕಿಸಲು ನಿಯಾಝ್‌ನ ಅಂಗಡಿಗೆ ಹೋದೆ. ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಅವನದು ಮೊಬೈಲ್ ಅಂಗಡಿ. ಗಲ್ಲಾದ ಹಿಂದೆ ಹೊಸದಾಗಿ ಮೊಳೆ ಹೊಡೆದು ಗೋಡೆಯಲ್ಲಿ ಜಾಗ ಮಾಡಿದ್ದ. ಏನಿದು ಎಂದರೆ, ಏನಿಲ್ಲ, ಶನಿವಾರದ ಫೋಟೋ ಹಾಕಲು ಎಂದ. ಅವನ ಬಗ್ಗೆಯೂ ನನಗೆ ಪಾಪ ಎನಿಸಿತು. ಚಹಾ ಕುಡಿಯುವಾಗ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಕನಿಕರ ಹುಟ್ಟಿ, ಒಬ್ಬರನ್ನೊಬ್ಬರು ನೋವಿಗೆ ಸಿದ್ಧಪಡಿಸಲು ಶುರುಮಾಡಿದೆವು. ನಂಬರು ಮುಖ್ಯವಲ್ಲ, ಆಡಿದ್ದೇ ಮುಖ್ಯ ಎಂದು ನಾನು ಹೇಳಿದರೆ ಅವನೂ ಅದನ್ನೇ ಹೇಳಿದ. ಸ್ವಲ್ಪ ಹೊತ್ತಿನ ಮೇಲೆ ಅವನು ಅನುಮಾನದಿಂದ ನನ್ನನ್ನು ನೋಡಿದ.

"ನಿನ್ನನ್ನು ಬಸ್ಸಿನ ಹಿಂದೆ ಕರ್ಕೊಂಡು ಹೋಗಿದ್ರಾ?"

ನಾನು ಚಹಾದ ಲೋಟ ಕೆಳಗಿಟ್ಟೆ. ಅವನೇ ಮೆಲ್ಲಗೆ, "ಹಲೀಮಾಳಿಗೂ ಹೇಳ್ಲಿಲ್ಲ," ಎಂದ. ನಾನು ತಲೆಯಾಡಿಸಿದೆ. ಜೆರಾಲ್ಡ್‌ಗೆ ಫೋನ್ ಮಾಡಿ ಸ್ಪೀಕರಿನಲ್ಲಿ ಹಾಕಿ ಅದೇ ಮಾತು ಹೇಳಿದೆವು. ಆ ಕಡೆಯಿಂದ ಅವನು ಬಹಳ ಸಣ್ಣ ದನಿಯಲ್ಲಿ, ನನ್ನನ್ನು ಕರೆದದ್ದು ಬಸ್ಸಿನ ಹಿಂದೆ ಅಲ್ಲ, ಟಯರ್ ಗೋದಾಮಿನ ಹಿಂದೆ ಎಂದ. ಅಷ್ಟು ವ್ಯತ್ಯಾಸವಾದರೂ ಇದೆಯಲ್ಲ ಎಂಬ ಆಸೆ ಆ ದನಿಯಲ್ಲಿತ್ತು.

ವಾರದೊಳಗೆ ವಿಷಯ ಗುಂಪಿನಲ್ಲೆಲ್ಲ ಹರಡಿತು. ಬೇರೆ ಬೇರೆ ವರ್ಷದ ಆಟಗಾರರು ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ದುಬೈಯಲ್ಲಿ ದೊಡ್ಡ ಕಂಪೆನಿಯ ಮ್ಯಾನೇಜರ್ ಆಗಿರುವವನು, ಅಲ್ ಐನ್‌ನಲ್ಲಿ ದಂತವೈದ್ಯನಾಗಿರುವವನು, ಒಂದೇ ಒಂದು ಪಂದ್ಯದಲ್ಲಿ ಕೊನೆಯ ಗಳಿಗೆಯಲ್ಲಿ ಒಳಗೆ ಹೋಗಿ ಚೆಂಡು ಮುಟ್ಟದೆ ಹೊರಗೆ ಬಂದವನು, ಎಲ್ಲರೂ ಒಂದನೆಯವರೇ. ನಮ್ಮ ಸರ್ ಇಷ್ಟು ವರ್ಷ ಒಂದನೆಯವರನ್ನೇ ತಯಾರಿಸಿದ್ದರು, ಎರಡನೆಯವನು ಒಬ್ಬನೂ ಇರಲಿಲ್ಲ. ಗುಂಪಿನಲ್ಲಿ ಸುಮ್ಮನಿದ್ದವನು ರುವೈಸ್‌ನ ರೋಷನ್ ಮಾತ್ರ. ಅವನು ಯಾವಾಗಲೂ ಹಾಗೆಯೇ. ಹುಟ್ಟುಹಬ್ಬಕ್ಕೆ ಒಂದು ಹೆಬ್ಬೆರಳು, ಸಾವಿಗೆ ಎರಡು ಕೈ ಜೋಡಿಸಿದ ಚಿತ್ರ, ಅಷ್ಟೇ ಅವನ ಮಾತು. ಆದ್ದರಿಂದ ಯಾರೂ ಗಮನಿಸಲಿಲ್ಲ.

ನಾನು, ನಿಯಾಝ್, ಜೆರಾಲ್ಡ್ ಮೂವರೂ ಸರ್ ಮನೆಗೆ ಹೋದೆವು. ನಮ್ಮ ಮುಖ ನೋಡಿಯೇ ಅವರಿಗೆ ಗೊತ್ತಾಯಿತು. ಹಲೀಮಕ್ಕ ನೀರುದೋಸೆ, ಕೋಳಿ ಸಾರು ತಂದಿಟ್ಟು, ತಾವೂ ಕುರ್ಚಿ ಎಳೆದುಕೊಂಡು ಕೂತರು. ತಮಾಷೆ ತಪ್ಪಿಸಿಕೊಳ್ಳುವ ಹೆಂಗಸಲ್ಲ ಅವರು. ನಿಯಾಝ್ ನೇರವಾಗಿ ಕೇಳಿದ. ಸರ್ ಒಂದಿಷ್ಟೂ ನಾಚದೆ, ತಾವು ಯಾರಿಗೂ ಸುಳ್ಳು ಹೇಳಿಲ್ಲ ಎಂದು ವಾದಿಸಿದರು. ಬಸ್ಸಿನ ಹಿಂದೆ ನಿಂತಾಗ ಬಸ್ಸಿನ ಹಿಂದೆ ಇರುವವರಲ್ಲಿ ಅವನೇ ಒಂದನೆಯವನಲ್ಲವೇ, ಬೇರೆ ಯಾರಿದ್ದರು ಅಲ್ಲಿ ಎಂದರು. ಜೆರಾಲ್ಡ್ ನಕ್ಕುಬಿಟ್ಟ. ನಿಯಾಝ್ ನಗಲಿಲ್ಲ.

ಆಗ ಹಲೀಮಕ್ಕ ಗಂಡನ ಕಡೆ ತಿರುಗಿದರು. "ನನ್ನ ಸಾರಿಗೆ ನಂಬರು ಕೊಡ್ಲಿಕ್ಕೆ ನಿಮ್ಗೆ ಧೈರ್ಯ ಉಂಟು. ಈ ಮಕ್ಕಳಿಗೆ ಕೊಡ್ಲಿಕ್ಕೆ ಯಾಕಿಲ್ಲ? ಇವರೆಲ್ಲ ಮಕ್ಕಳ ಅಪ್ಪಂದಿರಾದ್ರು. ಸರಿಯಾಗಿ ಹೇಳಿ, ಖಲಾಸ್."

ಸರ್ ದೋಸೆಯ ಅಂಚನ್ನು ಮುರಿಯುತ್ತ ಕೂತರು. ಕೊನೆಗೆ, ಹೇಳಿದರೆ ನಿಜವನ್ನೇ ಹೇಳುತ್ತೇನೆ, ಯಾರಿಗೆ ಬೇಜಾರಾದರೂ ನನ್ನನ್ನು ಬೈಯಬಾರದು, ಆಗುತ್ತದಾ ಎಂದು ಕೇಳಿದರು. ಆಗುತ್ತದೆ ಎಂದೆವು. ಅವರ ಮುಖ ಆಗ ಗಂಭೀರವಾದದ್ದನ್ನು ಕಂಡು ನನಗೆ ಒಳಗೊಳಗೇ ಭಯವಾಯಿತು. ಎದೆಯಲ್ಲಿ ಬೆಚ್ಚಗಿದ್ದ ವಸ್ತು ಸ್ವಲ್ಪ ಅಲುಗಾಡಿತು.

ಮುಂದಿನ ದಿನಗಳಲ್ಲಿ ಪ್ರಚಾರ ಶುರುವಾಯಿತು. ಹೊರಗೆ ಎಲ್ಲರೂ ನಗುತ್ತಿದ್ದರು, ಒಳಗೆ ಎಲ್ಲರಿಗೂ ನಂಬರು ಬೇಕಿತ್ತು. ನಿಯಾಝ್ ಸರ್‌ನ ಫೋನಿನ ಗಾಜು ಒಡೆದಿಲ್ಲದಿದ್ದರೂ ಹೊಸ ಗಾಜು ಹಾಕಿಕೊಟ್ಟ. ಜೆರಾಲ್ಡ್ ಹೋಟೆಲಿನಿಂದ ಕೇಕು ಕಳಿಸಿದ. ದಂತವೈದ್ಯ ಇಡೀ ಕುಟುಂಬಕ್ಕೆ ಹಲ್ಲು ತೊಳೆದುಕೊಡುತ್ತೇನೆಂದ. ನಾನು ಅವರ ಹಳೆಯ ಕಾರಿನ ಇನ್ಶೂರೆನ್ಸನ್ನು ಮನೆಗೇ ಹೋಗಿ ನವೀಕರಿಸಿದೆ, ಅದೂ ಅವಧಿ ಮುಗಿಯುವ ಬಹಳ ಮೊದಲೇ. ಸರ್ ಎಲ್ಲವನ್ನೂ ಸಂತೋಷದಿಂದ ಸ್ವೀಕರಿಸಿ, ಬಂದ ಉಪಚಾರಗಳಿಗೇ ನಂಬರು ಕೊಟ್ಟು ರಸೀನಾಳಿಗೆ ಹೇಳುತ್ತಿದ್ದರಂತೆ. ಕೇಕಿಗೆ ಒಂದನೆಯ ಸ್ಥಾನ ಬಂದದ್ದು ನನಗೆ ಮೂರನೆಯವರಿಂದ ತಿಳಿಯಿತು.

ಆದರೆ ಸಂಜೆಯ ಹೊತ್ತು ಅವರು ಬೇರೆಯೇ ಆಗಿರುತ್ತಿದ್ದರು ಎಂದಳು ರಸೀನಾ. ಸಮುದ್ರದಂಡೆಯ ಕಾರ್ನಿಶ್ ರಸ್ತೆಯಲ್ಲಿ ನಡೆಯಲು ಹೋದವರು ಬೆಂಚಿನ ಮೇಲೆ ಕೂತುಬಿಡುತ್ತಿದ್ದರು. ಗಾಳಿಯಲ್ಲಿ ಬೆರಳಾಡಿಸಿ ಯಾರನ್ನೋ ಎಡಕ್ಕೆ ಸರಿಸುತ್ತಿದ್ದರು, ಯಾರನ್ನೋ ಹಿಂದಕ್ಕೆ ಕರೆಯುತ್ತಿದ್ದರು. ಹಳೆಯ ಪಂದ್ಯಗಳನ್ನೆಲ್ಲ ಮತ್ತೆ ತಲೆಯೊಳಗೆ ಆಡಿಸುತ್ತಿದ್ದರಿರಬೇಕು. ಒಮ್ಮೆ ಅವಳು, ಬಾಪಾ ಏನಾಯಿತು ಎಂದು ಕೇಳಿದ್ದಕ್ಕೆ, ತಪ್ಪಾಯಿತು ಮಗಾ, ಒಂದು ಕಡೆ ದೊಡ್ಡ ತಪ್ಪಾಯಿತು ಎಂದಷ್ಟೇ ಹೇಳಿ ಎದ್ದರಂತೆ.

ಆ ಶನಿವಾರ ಹಾಲ್ ತುಂಬಿತ್ತು. ಎಲ್ಲರೂ ಹೆಂಡತಿ ಮಕ್ಕಳನ್ನು ಕರೆತಂದಿದ್ದರು. ಒಂದನೆಯ ಸ್ಥಾನ ಬರುವುದನ್ನು ಮನೆಯವರು ಕಣ್ಣಾರೆ ನೋಡಲಿ ಎಂಬ ಆಸೆ. ನಿಯಾಝ್ ಕೋಟು ಹಾಕಿದ್ದ. ಜೆರಾಲ್ಡ್ ಡ್ಯೂಟಿಯಲ್ಲಿದ್ದರೂ ವೇದಿಕೆಯಿಂದ ದೂರ ಹೋಗುತ್ತಿರಲಿಲ್ಲ. ರೋಷನ್ ತಡವಾಗಿ ಬಂದ. ರುವೈಸ್ ಇಲ್ಲಿಂದ ಎರಡೂವರೆ ಗಂಟೆಯ ದಾರಿ, ಮರಳು ಮತ್ತು ಸಮುದ್ರದ ನಡುವೆ. ಅಲ್ಲಿನ ರಿಫೈನರಿಯಲ್ಲಿ ಅವನು ಟೆಕ್ನೀಷಿಯನ್, ಕಂಪೆನಿ ಕೊಟ್ಟ ಮನೆ. ಮಗಳು ಯಶ್ಮಿತಾಳನ್ನು ಕರೆದುಕೊಂಡು ಬಂದು ಹಿಂದಿನ ಸಾಲಿನಲ್ಲಿ, ಐಸ್‌ಕ್ರೀಮ್ ಇಟ್ಟಿದ್ದ ಮೇಜಿನ ಹತ್ತಿರ ಕೂತ. ಆಟದಲ್ಲಿಯೂ ಅವನು ಹಾಗೆಯೇ ಇದ್ದ. ಮಿಡ್‌ಫೀಲ್ಡಿನಲ್ಲಿ ಎಲ್ಲೋ ಇರುತ್ತಿದ್ದ. ಎಲ್ಲಿ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ.

ಸರ್ ಮೈಕಿನ ಮುಂದೆ ನಿಂತರು. ಕೈಯಲ್ಲಿ ಕಾಗದ ಇರಲಿಲ್ಲ. ಹತ್ತನೆಯವನು ದಂತವೈದ್ಯ. ಅವನು ಎಡಗಾಲಿನವನು, ಆದರೆ ಅದು ಅವನಿಗೇ ಕೊನೆಯ ವರ್ಷ ಗೊತ್ತಾದದ್ದು ಎಂದಾಗ ಹಾಲ್ ನಕ್ಕಿತು. ಒಂಬತ್ತನೆಯವನು ನಾನು. ಸುಮಿತ್ ಹೆದರುತ್ತಿರಲಿಲ್ಲ, ಯಾಕೆಂದರೆ ಅಪಾಯ ಯಾವ ಕಡೆಯಿಂದ ಬರುತ್ತದೆಂದು ಅವನಿಗೆ ಕಾಣುತ್ತಿರಲಿಲ್ಲ ಎಂದರು. ನನ್ನ ಹೆಂಡತಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಪಾರ್ಕಿಂಗ್ ಬಗ್ಗೆ ಅವಳಿಗೆ ಈಗ ಸಾಕ್ಷಿ ಸಿಕ್ಕಿತ್ತು. ಹೀಗೆ ಒಬ್ಬೊಬ್ಬರನ್ನೇ ಕರೆದು, ತಮಾಷೆ ಮಾಡಿ, ಒಂದು ನಿಜವಾದ ಒಳ್ಳೆಯ ಮಾತನ್ನೂ ಸೇರಿಸಿ, ಹೆಗಲು ತಟ್ಟಿ ಕಳಿಸಿದರು. ಒಂಬತ್ತನೆಯವನಾಗಿ ನನಗೆ ಅಷ್ಟೇನೂ ನೋವಾಗಲಿಲ್ಲವೆಂದರೆ ನಂಬುವುದು ಕಷ್ಟ, ಆದರೆ ನಿಜ. ಅವರಿಗೆ ನನ್ನ ಆಟ ನೆನಪಿತ್ತು. ನನಗೇ ಮರೆತುಹೋಗಿದ್ದ ಒಂದು ಟ್ಯಾಕಲ್ ಅವರಿಗೆ ನೆನಪಿತ್ತು.

ಮೂರನೆಯವನು ನಿಯಾಝ್. ಅವನು ವೇದಿಕೆಗೆ ಹೋದ, ಕೋಟಿನ ಗುಂಡಿ ಹಾಕಿಕೊಂಡ, ನಕ್ಕ, ಇಳಿದು ಬಂದು ಫೋನಿನಲ್ಲಿ ಏನನ್ನೋ ಹುಡುಕುತ್ತ ಕೂತ. ಎರಡನೆಯವನು ಜೆರಾಲ್ಡ್. ಅವನು ಅಳುತ್ತ ಕೊಂಕಣಿಯಲ್ಲಿ ಮಾತಾಡಿದ, ಯಾರಿಗೂ ಪೂರ್ತಿ ಅರ್ಥವಾಗಲಿಲ್ಲ, ಆದರೂ ಚೆನ್ನಾಗಿತ್ತು.

ಸರ್ ಮೈಕನ್ನು ಸ್ವಲ್ಪ ಕೆಳಗೆ ಮಾಡಿದರು. ಒಂದನೆಯವನು ಯಾರೆಂದು ಯೋಚಿಸಲು ತನಗೆ ಒಂದು ನಿಮಿಷವೂ ಬೇಕಾಗಲಿಲ್ಲ ಎಂದರು. ಫೈನಲಿನಲ್ಲಿ ನಿಯಾಝ್ ಗೋಲು ಹೊಡೆದದ್ದು ಎಲ್ಲರಿಗೂ ನೆನಪಿದೆ. ಅವನು ಓಡುವ ಮೊದಲೇ ಚೆಂಡು ಅವನು ಹೋಗುವ ಜಾಗಕ್ಕೆ ಹೋಗಿ ಕಾಯುತ್ತಿತ್ತು, ಅದನ್ನು ಕಳಿಸಿದ್ದು ಯಾರೆಂದು ಯಾರಿಗಾದರೂ ನೆನಪಿದೆಯೇ ಎಂದು ಕೇಳಿದರು. ಆಮೇಲೆ, "ರೋಷನ್, ಬಾ ಮಗಾ," ಎಂದರು.

ಎಲ್ಲರೂ ಹಿಂದಕ್ಕೆ ತಿರುಗಿದೆವು. ರೋಷನ್ ಮಗಳ ಕೈಯಿಂದ ಐಸ್‌ಕ್ರೀಮಿನ ಬಟ್ಟಲು ತೆಗೆದು ಪಕ್ಕಕ್ಕಿಟ್ಟು, ಎದ್ದು ನಿಂತ. ಆದರೆ ಮುಂದೆ ಬರಲಿಲ್ಲ. ಅಲ್ಲಿಂದಲೇ ಮಾತಾಡಿದ. ಮೈಕ್ ಇಲ್ಲದಿದ್ದರೂ ಕೇಳಿಸಿತು.

"ಸರ್, ಇವರೆಲ್ಲರಿಗೂ ನೀವು ಹೇಳಿದ್ದು ನನಗೆ ಆಗಲೇ ಗೊತ್ತಿತ್ತು. ಯಾರಿಗೂ ಹೇಳ್ಬೇಡ ಅಂತ ನೀವು ಹೇಳಿದ್ದನ್ನು ಇವರು ನನಗೆ ಬಂದು ಹೇಳ್ತಾ ಇದ್ರು. ನಾನು ಮಾತಾಡುದಿಲ್ಲ ಅಲ್ವಾ, ಹಾಗೆ. ಎಲ್ಲರಿಗೂ ಹೇಳಿದ್ರಿ. ನನಗೊಬ್ಬನಿಗೆ ಹೇಳ್ಲಿಲ್ಲ. ಸುಮ್ಮನೆ ಸುಳ್ಳು ಹೇಳ್ಲಿಕ್ಕೂ ನಾನು ಲಾಯಕ್ಕಿಲ್ಲ ಅಂತ ಲೆಕ್ಕ ಹಾಕಿದೆ."

ನಾನೂ ಹೇಳಿದ್ದೆ. ಸೆಮಿಫೈನಲ್ ಮುಗಿದ ಸಂಜೆಯೇ, ಬಸ್ಸಿನಲ್ಲಿ, ಅವನ ಪಕ್ಕ ಕೂತು. ಅದು ನನಗೆ ಆ ಕ್ಷಣದವರೆಗೆ ಮರೆತೇಹೋಗಿತ್ತು. ನಿಯಾಝ್ ಫೋನಿನಿಂದ ತಲೆಯೆತ್ತಿದ. ಅವನೂ ಹೇಳಿದ್ದನೆಂದು ಅವನ ಮುಖದಲ್ಲಿ ಬರೆದಿತ್ತು.

ನಾವು ಕಪ್ ಗೆದ್ದ ವರ್ಷ ದುಬೈಯ ಒಂದು ಕ್ಲಬ್ಬಿನವರು ರೋಷನ್‌ನನ್ನು ಟ್ರಯಲಿಗೆ ಕರೆದಿದ್ದರು. ಅವನು ಹೋಗಿರಲಿಲ್ಲ. ರುವೈಸ್‌ನ ಕೆಲಸ ಸಿಕ್ಕಿದ್ದರಿಂದ ಹೋಗಲಿಲ್ಲ ಎಂದು ನಾವೆಲ್ಲ ತಿಳಿದುಕೊಂಡಿದ್ದೆವು. ಅವನು ಆ ಮಾತನ್ನು ಅಲ್ಲಿ ಎತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ. ಅವನು ನಿಜವಾಗಿ ಯಾಕೆ ಹೋಗಲಿಲ್ಲವೆಂದು ಸರ್‌ಗೆ ಈಗ ಗೊತ್ತಾಯಿತು.

ಸರ್ ಮೈಕ್ ಬಿಟ್ಟು ವೇದಿಕೆ ಇಳಿದರು. ಮೇಜುಗಳ ನಡುವೆ ದಾರಿ ಮಾಡಿಕೊಂಡು ಹಿಂದಿನ ಸಾಲಿನವರೆಗೆ ನಡೆದರು. ಮಂಡಿನೋವಿನಿಂದ ನಿಧಾನವಾಗಿ ನಡೆದರು. ನಾನು ಹತ್ತಿರದಲ್ಲಿದ್ದುದರಿಂದ ಅವರು ಹೇಳಿದ್ದು ಕೇಳಿಸಿತು.

"ಅವರಿಗೆಲ್ಲ ಹೇಳಿದ್ದು ಅವರು ಆಡ್ಬೇಕಲ್ಲ ಅಂತ. ನಿನಗೆ ಹೇಳದಿದ್ರೂ ನೀನು ಆಡ್ತಿದ್ದಿ. ಮತ್ತೆ, ನಿಜ ಇದ್ದದ್ದನ್ನು ಹೇಗೆ ಹೇಳುದು ಅಂತ ನನಗೆ ಗೊತ್ತಾಗ್ಲಿಲ್ಲ ಮಾರಾಯ. ನಿನ್ನನ್ನೂ ಬಸ್ಸಿನ ಹಿಂದೆ ಕರ್ಕೊಂಡು ಹೋದ್ರೆ ಅದೂ ಅವರಿಗೆ ಹೇಳಿದ ಹಾಗೆಯೇ ಆಗ್ತದಲ್ಲ. ನನ್ನ ತಪ್ಪು. ಇವತ್ತು ಹೇಳಿದ್ದು ತಡ ಆಯ್ತು, ಅದೂ ನನಗೆ ಗೊತ್ತುಂಟು."

ರೋಷನ್ ಕೂಡಲೇ ಕರಗಲಿಲ್ಲ. ಸರ್‌ನ ಕೈ ಹಿಡಿದ, ಆದರೆ ಮುಖ ಬಿಗಿಯಾಗಿಯೇ ಇತ್ತು. ತನಗೆ ಯೋಚಿಸಲು ಸ್ವಲ್ಪ ಸಮಯ ಬೇಕು ಎಂದ. ಆಗಲಿ, ಎಷ್ಟು ಬೇಕಾದರೂ ತೆಗೆದುಕೋ ಎಂದರು ಸರ್. ಅಷ್ಟರಲ್ಲಿ ಯಶ್ಮಿತಾ ಅಪ್ಪನ ಅಂಗಿ ಎಳೆದು ಇಂಗ್ಲಿಷಿನಲ್ಲಿ, ನೀವು ಗೆದ್ದಿರಾ ಎಂದು ಕೇಳಿದಳು. ಹಲೀಮಕ್ಕ ಬಂದು, ಹೌದು ಗೆದ್ದ, ಈಗ ಊಟ ಮಾಡುವ ಎಂದು ಹುಡುಗಿಯ ಕೈ ಹಿಡಿದು ಕರೆದುಕೊಂಡು ಹೋದರು. ಜೆರಾಲ್ಡ್ ಕಣ್ಣೊರೆಸಿಕೊಂಡು ಬಿರಿಯಾನಿಯ ಮುಚ್ಚಳ ತೆಗೆಸಿದ.

ಊಟದ ನಂತರ ಪಾರ್ಕಿಂಗಿನಲ್ಲಿ ನಾವು ಮೂವರೂ ರೋಷನ್‌ನ ಕಾರಿನ ಸುತ್ತ ನಿಂತೆವು. ಜೂನ್ ತಿಂಗಳ ಬಿಸಿಲು, ಕಾರಿನ ಬಾಗಿಲು ಮುಟ್ಟುವ ಹಾಗಿರಲಿಲ್ಲ. ಕ್ಷಮೆ ಕೇಳಬೇಕೆಂದು ಬಂದಿದ್ದೆವು. ಕೊನೆಗೆ ನಿಯಾಝ್ ತನ್ನ ಕೋಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಅದು ದೂರದಿಂದ ಹೊಡೆದ ಗೋಲು ಅಲ್ಲ, ಬಹಳ ಹತ್ತಿರದಿಂದಲೇ ಎಂದ. ರೋಷನ್‌ಗೆ ಆಗ ನಗು ಬಂತು. ಹತ್ತಿರ ಎಂದರೆ ಎಷ್ಟು ಎಂದು ಕೇಳಿದ. ನಿನ್ನ ಕಾರಿನಿಂದ ಆ ಕಂಬದಷ್ಟು ಎಂದ ನಿಯಾಝ್. ಅಷ್ಟೂ ಇರಲಿಲ್ಲ ಎಂದ ರೋಷನ್.

ಅವನು ತೆಗೆದುಕೊಂಡ ಸಮಯ ಎರಡು ತಿಂಗಳು. ಆಗಸ್ಟಿನಲ್ಲಿ ಸರ್‌ಗೆ ಫೋನ್ ಮಾಡಿ, ರುವೈಸ್‌ನಲ್ಲಿ ಕಂಪೆನಿ ಕಾಲೊನಿಯ ಮಕ್ಕಳಿಗೆ ತಾನು ಆಟ ಕಲಿಸುತ್ತಿದ್ದೇನೆ, ಬಂದು ನೋಡಬಹುದು ಎಂದನಂತೆ. ಅಷ್ಟು ಹೊತ್ತಿಗೆ ರಸೀನಾ ಅಪ್ಪ ಅಮ್ಮನನ್ನು ತನ್ನ ವೀಸಾದ ಮೇಲೆ ಇಲ್ಲೇ ಉಳಿಸಿಕೊಂಡಿದ್ದಳು. ಸರ್ ಬಸ್ಸಿನಲ್ಲಿಯೇ ಹೋದರು. ಹೋಗಿ ಬಂದು ಆ ಬಸ್ಸಿನ ಡ್ರೈವರನಿಗೆ ನಂಬರು ಕೊಟ್ಟರು. ಮಕ್ಕಳನ್ನು ದೂರದಿಂದ ನೋಡಬಹುದು, ಆದರೆ ಪಂದ್ಯಕ್ಕೆ ಮುಂಚೆ ಒಬ್ಬೊಬ್ಬರನ್ನೇ ಕರೆದು ಮಾತಾಡಿಸುವ ಹಾಗಿಲ್ಲ ಎಂದು ರೋಷನ್ ಷರತ್ತು ಹಾಕಿದ್ದ. ಸರ್ ಅದನ್ನು ಪಾಲಿಸಿದರು. ಈಗ ತಿಂಗಳಿಗೆ ಎರಡು ಸಲವಾದರೂ ಹೋಗುತ್ತಾರೆ. ಆಫ್‌ಸೈಡಿನ ಬಗ್ಗೆ ಇಬ್ಬರೂ ಜಗಳವಾಡುತ್ತಾರೆ ಎಂದು ಹಲೀಮಕ್ಕ ದೂರುತ್ತಾರೆ. ಅವರೂ ಜೊತೆಗೆ ಹೋಗುತ್ತಾರೆ, ಅಲ್ಲಿನ ಸಮುದ್ರದ ಗಾಳಿ ಮಂಡಿಗೆ ಒಳ್ಳೆಯದಂತೆ.

ಚಳಿಗಾಲ ಬಂದಾಗ ನಿಯಾಝ್‌ಗೆ ಹುರುಪು ಬಂತು. ಹಳಬರ ತಂಡವೊಂದನ್ನು ಕಟ್ಟಿ ಮುಸಫ್ಫಾದ ಬಾಡಿಗೆ ಮೈದಾನದಲ್ಲಿ ಒಂದು ಪಂದ್ಯ ಗೊತ್ತು ಮಾಡಿದ. ಎದುರಾಳಿಗಳು ಒಂದು ಬ್ಯಾಂಕಿನ ನೌಕರರು, ನಮಗಿಂತ ಹತ್ತು ವರ್ಷ ಚಿಕ್ಕವರು. ನಾನು ಮತ್ತೆ ರೈಟ್ ಬ್ಯಾಕ್. ರೋಷನ್‌ಗೆ ಶಿಫ್ಟ್ ಇದ್ದುದರಿಂದ ತಡವಾಗಿ ಬರುತ್ತೇನೆಂದಿದ್ದ.

ಪಂದ್ಯ ಶುರುವಾಯಿತು. ಮೊದಲ ಅರ್ಧ ನನ್ನ ಮೇಲೆ ಏನು ನಡೆಯುತ್ತಿದೆಯೆಂದು ನನಗೆ ತಿಳಿಯಲಿಲ್ಲ. ಎಡದಿಂದ ಬಂದರು, ಬಲದಿಂದ ಬಂದರು, ಕೆಲವರು ನನ್ನ ಮೇಲಿಂದ ಹಾರಿಹೋದ ಹಾಗೂ ಅನಿಸಿತು. ಕಾಲೇಜಿನ ದಿನಗಳಲ್ಲಿ ನನ್ನ ಕಡೆ ಇಷ್ಟು ಜನ ಬರುತ್ತಲೇ ಇರಲಿಲ್ಲ. ನನಗೆ ಹೆದರಿ ಬರುವುದಿಲ್ಲ ಎಂದು ನಾನು ಅಷ್ಟು ವರ್ಷ ನಂಬಿದ್ದೆ. ಜೆರಾಲ್ಡ್ ಗೋಲಿನಿಂದ ನಾಲ್ಕು ಸಲ ಚೆಂಡು ಹೆಕ್ಕಿ ತೆಗೆದ, ಪ್ರತಿ ಸಲವೂ ನನ್ನ ಕಡೆ ನೋಡಿದ.

ವಿರಾಮಕ್ಕೆ ರೋಷನ್ ಬಂದ. ಕೆಲಸದ ಪ್ಯಾಂಟಿನಲ್ಲೇ ಇಳಿದು ಬಂದವನು ಕಾರಿನ ಮರೆಯಲ್ಲಿ ಬಟ್ಟೆ ಬದಲಿಸಿ ಒಳಗೆ ನಿಂತ. ಹೊಟ್ಟೆ ಅವನಿಗೂ ಬಂದಿತ್ತು, ಓಟವೂ ಹೆಚ್ಚಿರಲಿಲ್ಲ. ಆದರೆ ನನ್ನ ಕಡೆಗೆ ಬರುವವರು ನಿಂತುಬಿಟ್ಟರು. ಚೆಂಡು ಬರುವ ದಾರಿಯಲ್ಲಿ ಅವನು ಮೊದಲೇ ಇರುತ್ತಿದ್ದ, ಕಾಲು ಚಾಚುತ್ತಿದ್ದ, ತಿರುಗಿಸಿ ಮುಂದಕ್ಕೆ ಕಳಿಸುತ್ತಿದ್ದ. ನಾನು ನನ್ನ ಜಾಗದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು, ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಅವನ ಆಟವನ್ನು ನೋಡಿದೆ. ನೋಡುವುದನ್ನು ಬಿಟ್ಟು ನನಗೆ ಬೇರೆ ಕೆಲಸವೇ ಇರಲಿಲ್ಲ.

ಅವರ ನಾಲ್ಕು ಗೋಲಿಗೆ ನಮ್ಮದು ಎರಡು, ಸೋತೆವು. ಎರಡನ್ನೂ ಹೊಡೆದದ್ದು ನಿಯಾಝ್, ಎರಡೂ ಬಹಳ ಹತ್ತಿರದಿಂದ. ಮರುದಿನ ನನಗೆ ಹಾಸಿಗೆಯಿಂದ ಏಳಲು ಆಗಲಿಲ್ಲ, ಕಚೇರಿಗೆ ರಜೆ ಹಾಕಿದೆ. ಮುಂದಿನ ಪಂದ್ಯ ಯಾವಾಗ ಎಂದು ಮಧ್ಯಾಹ್ನ ರೋಷನ್ ಗುಂಪಿನಲ್ಲಿ ಕೇಳಿದ್ದ.